ಕತ್ತೆ ತಿಂದ ಗೋಡೆ

2022ರ ಸೆಪ್ಟೆಂಬರ್ 29, ಗುರುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಮೆಮೆ ಪಾಲ್ಡನ್ ಮನೆಯ ಹಿಂದಿನ ಓಣಿಗೆ ಬಂದಾಗ ಒಂದು ಕತ್ತೆ ಅವನ ಗೋಡೆಯನ್ನು ತಿನ್ನುತ್ತಿತ್ತು. ಇನ್ನೂ ನಾಲ್ಕು ಕತ್ತೆಗಳು ಆಗಲೇ ತಿಂದು ಮುಗಿಸಿ, ಬಿಸಿಲು ಬೀಳುವ ಕಡೆ ಮುಖ ಮಾಡಿ, ಕಣ್ಣು ಅರೆಮುಚ್ಚಿ ನಿಂತಿದ್ದವು.

ಕತ್ತೆಗಳದ್ದೂ ಪೂರ್ತಿ ತಪ್ಪೆನ್ನುವಂತಿರಲಿಲ್ಲ. ಹಳೆಯ ಮಣ್ಣಿಟ್ಟಿಗೆಯ ಗೋಡೆಗೆ ಹೊರಗಿನಿಂದ ಒಂದು ಗೇಣಿನಷ್ಟು ದೂರದಲ್ಲಿ ವಿಲ್ಲೋ ಕಡ್ಡಿಗಳ ತಟ್ಟಿ ಕಟ್ಟಿ, ನಡುವಿನ ಸಂದಿಗೆ ಬಾರ್ಲಿಯ ಒಣಹುಲ್ಲು ತುಂಬಿ, ಮೇಲೆ ಮಣ್ಣು ಮೆತ್ತುವುದು ಪಾಲ್ಡನ್‌ನ ಯೋಜನೆ. ಕಟ್ಟುವುದೂ ತುಂಬುವುದೂ ಮಂಗಳವಾರಕ್ಕೆ ಮುಗಿದಿತ್ತು. ಆದರೆ ಬುಧವಾರ ಮಣ್ಣು ಮುಟ್ಟಬಾರದು, ನೆಲದ ಒಡೆಯನಾದ ದೈವಕ್ಕೆ ಕೋಪ ಬರುತ್ತದೆ ಎಂದು ಗೊಂಪಾ ಮಠದ ಲಾಮಾ ಪಂಚಾಂಗ ನೋಡಿ ಹೇಳಿದ್ದ. ಹಾಗಾಗಿ ಒಂದು ಟಾರ್ಪಾಲು ಇಳಿಬಿಟ್ಟು, ಮೇಲಂಚಿಗೆ ಮಾತ್ರ ಕಲ್ಲು ಹೇರಿ ಬಿಟ್ಟಿದ್ದರು. ಕತ್ತೆಗಳಿಗೆ ಕಂಡದ್ದು ಗೋಡೆಯಲ್ಲ, ಐದೂಕಾಲು ಮೀಟರ್ ಉದ್ದದ ಗೋದಲಿ.

ಪಾಲ್ಡನ್ ಕತ್ತೆಗಳನ್ನು ಅಟ್ಟಿದ. ಆಮೇಲೆ ಟೇಪು ತಂದು ಅಳೆದ. ನೆಲದಿಂದ ಒಂದೂಕಾಲು ಮೀಟರ್ ಎತ್ತರದವರೆಗೆ, ಮೂರು ಮೀಟರ್ ಉದ್ದಕ್ಕೆ ಖಾಲಿ. ಹೊಟ್ಟೆಗೆ ಹೋದದ್ದು ಸ್ವಲ್ಪವೇ. ಉಳಿದದ್ದು ಕಾಲಡಿ ಸಿಕ್ಕಿ, ಲದ್ದಿಯಲ್ಲಿ ಕಲಸಿ, ಯಾವುದಕ್ಕೂ ಬಾರದಂತಾಗಿತ್ತು.

"ಮಣ್ಣು ಮುಟ್ಟಬೇಡಿ ಅಂದ್ರು ಲಾಮಾ," ಎಂದಳು ಹಿಂದೆ ಬಂದು ನಿಂತ ಹೆಂಡತಿ ಲಾಜೆಸ್. "ಕತ್ತೆ ಕಾಯಬೇಡಿ ಅಂದಿರಲಿಲ್ಲ."

ಪಾಲ್ಡನ್‌ಗೆ ಅರವತ್ತಮೂರು. ಹವಾಮಾನ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ವೀಕ್ಷಕನಾಗಿದ್ದವನು. ಬಯಲಿನಲ್ಲಿ ನಿಂತ ಬಿಳಿ ಪೆಟ್ಟಿಗೆಯ ಬಾಗಿಲು ತೆರೆದು, ಉಸಿರು ತಾಗದಂತೆ ಮುಖ ಪಕ್ಕಕ್ಕೆ ತಿರುಗಿಸಿ, ಉಷ್ಣಮಾಪಕ ಓದಿ ಬರೆಯುವುದು ಅವನ ಕೆಲಸವಾಗಿತ್ತು. ಹೊರಗಿನ ಚಳಿಯನ್ನು ಅಷ್ಟು ವರ್ಷ ಅಳೆದವನಿಗೆ ಸ್ವಂತ ಮನೆಯೊಳಗಿನ ಚಳಿಯನ್ನು ಅಳೆಯಬೇಕೆಂದು ಒಮ್ಮೆಯೂ ತೋಚಿರಲಿಲ್ಲ. ಚಳಿಗಾಲವೆಂದರೆ ಎಲ್ಲರೂ ಅಡುಗೆಮನೆಯ ಒಲೆ ಸುತ್ತ ಸೇರುವುದು, ಉಳಿದ ಕೋಣೆಗಳನ್ನು ಮಾರ್ಚ್‌ವರೆಗೆ ಮರೆತುಬಿಡುವುದು. ಊರಿನ ಮಕ್ಕಳೆಲ್ಲ ಅವನನ್ನು ಮೆಮೆ, ಅಂದರೆ ತಾತ, ಎಂದು ಕರೆಯುತ್ತಿದ್ದರೂ ಮನೆಯಲ್ಲಿ ಹಾಗೆ ಕರೆಯುವವರು ಇನ್ನೂ ಹುಟ್ಟಿರಲಿಲ್ಲ.

ಈಗ ಹುಟ್ಟುವುದರಲ್ಲಿತ್ತು. ಸೊಸೆ ಯಾಂಗ್ಡೊಲ್‌ಗೆ ಎಂಟನೇ ತಿಂಗಳು. ಹೆರಿಗೆ ಲೇಹ್‌ನ ಆಸ್ಪತ್ರೆಯಲ್ಲಿ, ಅದರಲ್ಲಿ ಎರಡು ಮಾತಿರಲಿಲ್ಲ. ಪ್ರಶ್ನೆ ಇದ್ದದ್ದು ಆಮೇಲಿನದು. ಊರಿನ ಆರೋಗ್ಯ ಉಪಕೇಂದ್ರದ ನರ್ಸ್, ಎಲ್ಲರೂ ಅಚೆ, ಅಂದರೆ ಅಕ್ಕ, ಎನ್ನುವ ರಿಂಚನ್ ಆಗಸ್ಟ್‌ನಲ್ಲೇ ಮನೆಗೆ ಬಂದು ಕೋಣೆ ನೋಡಿ ಖಡಾಖಂಡಿತ ಹೇಳಿದ್ದಳು:

"ರಾತ್ರಿ ಒಂಬತ್ತಕ್ಕೆ ಬುಖಾರಿ ಒಲೆಗೆ ಕೊನೇ ಸೌದೆ. ಬೆಳಿಗ್ಗೆ ಆರಕ್ಕೆ ನಾನು ಬರ್ತೀನಿ. ಹದಿನಾರು ಡಿಗ್ರಿ ಇದ್ರೆ ತಾಯಿ ಮಗು ಇಲ್ಲಿಗೆ ಬರಲಿ. ಇಲ್ದಿದ್ರೆ ಮಾರ್ಚ್‌ವರೆಗೆ ಲೇಹ್‌ನಲ್ಲೇ ಬಾಡಿಗೆ ಕೋಣೆ."

"ನಾವೆಲ್ಲ ಇದೇ ಮನೇಲಿ ಹುಟ್ಟಿ ಬದುಕಿದ್ವಲ್ಲಮ್ಮ," ಎಂದಿದ್ದ ಪಾಲ್ಡನ್.

"ಬದುಕಿದವರು ಮಾತ್ರ ಈ ಮಾತು ಹೇಳೋಕೆ ಸಿಗ್ತಾರೆ, ಮೆಮೆ."

ಮಗ ಗ್ಯಾಲ್ಸನ್ ಮತ್ತು ಪಾಲ್ಡನ್ ಸೇರಿ ದಕ್ಷಿಣದ ಕಿಟಕಿಗೆ ಜೋಡಿ ಗಾಜು ಹಾಕಿದರು. ಚಾವಣಿಯ ಮೇಲೆ ಮರದ ಹೊಟ್ಟು ಹರಡಿ ಮಣ್ಣು ಮುಚ್ಚಿದರು. ಉಳಿದದ್ದು ಬಿಸಿಲನ್ನೇ ಕಾಣದ ಈ ಉತ್ತರದ ಗೋಡೆ. ಅಕ್ಟೋಬರ್ ನಡುವಿನೊಳಗೆ ಮಣ್ಣು ಮೆತ್ತಿ ಒಣಗಿಸದಿದ್ದರೆ ಆಮೇಲೆ ಹಸಿ ಮಣ್ಣು ಹೆಪ್ಪುಗಟ್ಟಿ, ಬಿರಿದು, ಉದುರಿಹೋಗುತ್ತದೆ.

ಬೆಳಗಿನ ಉಪ್ಪುಚಹಾ ಕುಡಿದು ಅವನು ನೆರೆಮನೆಯ ಗುರ್ಮೆತ್‌ನ ಬಾಗಿಲು ತಟ್ಟಿದ.

"ನಿನ್ನ ಬಿಳಿಮೂತಿ ಕತ್ತೆ ನನ್ನ ಗೋಡೆ ತಿಂದಿದೆ."

"ನನ್ನದಾ?" ಗುರ್ಮೆತ್ ಹುರಿಹಿಟ್ಟು ಕಲಸುತ್ತಿದ್ದ ಕೈಯನ್ನು ಬಟ್ಟಲಿನಿಂದ ತೆಗೆಯಲಿಲ್ಲ. "ಬಿಳಿಮೂತಿ ಇರೋದೆಲ್ಲ ನನ್ನದಾದ್ರೆ, ಹಿಟ್ಟು ತಿಂದ ಮೇಲೆ ನೀವೂ ನನ್ನವರೇ."

"ಕಿವೀಲಿ ಕೆಂಪು ದಾರ ಇದೆ. ಅದನ್ನ ಕಟ್ಟಿದ್ದು ನಿನ್ನ ಹೆಂಡತಿ."

"ಅವಳು ಕಂಡಿದ್ದಕ್ಕೆಲ್ಲ ದಾರ ಕಟ್ತಾಳೆ. ದೈವಭಕ್ತೆ. ನಮ್ಮ ಪ್ರೆಶರ್ ಕುಕ್ಕರ್‌ಗೂ ಕಟ್ಟಿದಾಳೆ, ನೋಡ್ತೀರಾ?"

ಉಳಿದ ಮನೆಗಳಲ್ಲೂ ಇದೇ ಕಥೆ. ಗೊಬ್ಬರ ಹೊರುವ ಕಾಲದಲ್ಲಿ ಈ ಊರಿನ ಪ್ರತಿ ಕತ್ತೆಗೂ ಹೆಸರಿರುತ್ತದೆ, ಒಡೆಯ ಇರುತ್ತಾನೆ. ಒಕ್ಕಣೆ ಮುಗಿದು ಹುಲ್ಲು ಚಾವಣಿ ಏರಿದ ಮರುದಿನವೇ ಅವು ಅನಾಥ. ಹನ್ನೊಂದು ಮನೆ ತಿರುಗಿ, ಹನ್ನೊಂದು ಕಡೆ ಚಹಾ ಕುಡಿದು, ಪಾಲ್ಡನ್ ಬರಿಗೈಯಲ್ಲಿ ಹಿಂದಿರುಗಿದ. ಅವನ ಮನೆಯದೇ ಎರಡು ಕತ್ತೆಗಳು ಆ ಐದರಲ್ಲಿ ಇದ್ದವು ಎಂಬುದನ್ನು ಅವನೂ ಎಲ್ಲಿಯೂ ಬಾಯಿ ಬಿಟ್ಟಿರಲಿಲ್ಲ.

ಚಾವಣಿಯ ಮೇಲೆ ಹಸುವಿಗೂ, ಯಾಕ್‌ನ ಮಿಶ್ರತಳಿಯ ಝೋಮೋಗಳಿಗೂ ಇಟ್ಟ ಅವನದೇ ಹುಲ್ಲಿನ ಹೊರೆಗಳಿದ್ದವು. ಆದರೆ ಅದರ ಕೆಳಗೆ ಲಾಜೆಸ್ ನಿಂತಿದ್ದಳು.

"ಇದರ ಕಡೆ ನೋಡಬೇಡಿ. ಕೊಡೋದು ಕೊಟ್ಟಾಯ್ತು. ಎರಡು ಝೋಮೋ, ಒಂದು ಹಸು, ಐದು ತಿಂಗಳು. ಫೆಬ್ರವರೀಲಿ ಅವು ಗೋಡೆ ನೋಡ್ಕೊಂಡು ಹಾಲು ಕೊಡಲ್ಲ. ಬಾಣಂತಿಗೆ ಬೆಣ್ಣೆ ಎಲ್ಲಿಂದ ತರ್ತೀರಿ?"

"ಬಾಣಂತೀನೇ ಲೇಹ್‌ನಲ್ಲಿದ್ರೆ ಬೆಣ್ಣೆ ಯಾರಿಗೆ?"

ಇಬ್ಬರೂ ಹೇಳಿದ್ದು ಸರಿಯೇ ಆಗಿದ್ದರಿಂದ ಜಗಳ ಮುಂದುವರಿಯುವಂತಿರಲಿಲ್ಲ.

ಕಿಟಕಿಯ ಬಿಸಿಲಿನಲ್ಲಿ ಕಾಲು ಚಾಚಿ ಕೂತು ಟೋಪಿ ಹೆಣೆಯುತ್ತಿದ್ದ ಯಾಂಗ್ಡೊಲ್ ಆಗ ಮಾವನನ್ನು ಕೇಳಿದಳು: "ಆಬಾ, ಕತ್ತೆ ಏನು ತಿನ್ನಲ್ಲ?"

"ರಟ್ಟು ತಿನ್ನುತ್ತೆ. ಪ್ಲಾಸ್ಟಿಕ್ಕೂ ತಿನ್ನುತ್ತೆ. ಗ್ಯಾಲ್ಸನ್‌ನ ಕೈಗವಸು ತಿಂದಿತ್ತು."

"ಅದು ಹತ್ತಿಯ ಕೈಗವಸು. ಉಣ್ಣೆ?"

ಪಾಲ್ಡನ್ ಯೋಚಿಸಿದ. ಕುರಿಯ ಬೆನ್ನಿನ ಉಣ್ಣೆಯನ್ನು ನೂಲುತ್ತಾರೆ. ಹೊಟ್ಟೆ ಮತ್ತು ಕಾಲಿನ ಉಣ್ಣೆ ಗಿಡ್ಡ, ಒರಟು, ಮುಳ್ಳು ತುಂಬಿದ್ದು. ಅದು ನೂಲಾಗದು, ವ್ಯಾಪಾರಿಯೂ ಕೊಳ್ಳುವುದಿಲ್ಲ. ಹಾಗೆಂದು ಉಣ್ಣೆಯನ್ನು ಬಿಸಾಡುವ ಮನೆಯೂ ಇಲ್ಲ. ಎಲ್ಲರ ಉಗ್ರಾಣದ ಮೂಲೆಯಲ್ಲೂ ಒಂದೆರಡು ಚೀಲ ವರ್ಷಗಟ್ಟಲೆ ಬಿದ್ದಿರುತ್ತದೆ.

ಆದರೂ ಅವನು ಅಳೆಯದೆ ಒಪ್ಪುವವನಲ್ಲ. ಒಂದೇ ಅಳತೆಯ ಮೂರು ಹಾಲುಪುಡಿ ಡಬ್ಬಿಗಳಿಗೆ ಒಂದೇ ಕೆಟಲಿನ ಕುದಿನೀರು ಸುರಿದ. ಒಂದನ್ನು ಹುಲ್ಲಿನಲ್ಲಿ ಹೂತ, ಇನ್ನೊಂದನ್ನು ಅಷ್ಟೇ ದಪ್ಪದ ಹೊಟ್ಟೆಯುಣ್ಣೆಯಲ್ಲಿ, ಮೂರನೆಯದನ್ನು ಹಾಗೇ ಬಿಟ್ಟ. ಎರಡು ಗಂಟೆ ಯಾರೂ ಆ ಕಡೆ ಸುಳಿಯಬಾರದೆಂದ. ಲಾಜೆಸ್ ಬೇಕೆಂದೇ ಎರಡು ಸಲ ಸುಳಿದಳು. ಕೊನೆಗೆ ಬರಿಯ ಡಬ್ಬಿಯಲ್ಲಿ ಮೂವತ್ತೆಂಟು ಡಿಗ್ರಿ, ಹುಲ್ಲಿನದರಲ್ಲಿ ಅರವತ್ತೊಂದು, ಉಣ್ಣೆಯದರಲ್ಲಿ ಅರವತ್ತೆಂಟು.

"ಇದನ್ನ ಕುರಿ ಮೊದಲೇ ಕಂಡುಹಿಡಿದಿತ್ತು," ಎಂದಳು ಲಾಜೆಸ್.

ಮಾರನೆಯ ದಿನ ಪಾಲ್ಡನ್ ಅದೇ ಹನ್ನೊಂದು ಮನೆಗಳಿಗೆ ಮತ್ತೆ ಹೋದ. ಈ ಸಲ ಕತ್ತೆಯ ಮಾತೆತ್ತಲಿಲ್ಲ. ಬೇಡವಾದ ಉಣ್ಣೆ ಇದ್ದರೆ ಕೊಡಿ, ಗೋಡೆಗೆ ಬೇಕು ಎಂದ. ಮಧ್ಯಾಹ್ನದೊಳಗೆ ಅಂಗಳದಲ್ಲಿ ಒಂಬತ್ತು ಚೀಲ ಬಿದ್ದವು. ಎಲ್ಲಕ್ಕಿಂತ ದೊಡ್ಡ ಚೀಲ ಹೊತ್ತು ತಂದವನು ಗುರ್ಮೆತ್. ಅದನ್ನು ಇಳಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದ:

"ಇದು ಕತ್ತೆ ಲೆಕ್ಕಕ್ಕಲ್ಲ. ಮಗು ಲೆಕ್ಕಕ್ಕೆ."

"ಯಾವ ಕತ್ತೆ?" ಎಂದ ಪಾಲ್ಡನ್.

ಹೆಂಗಸರು ತೊರೆಯ ದಡದಲ್ಲಿ ಉಣ್ಣೆ ತೊಳೆದರು. ನೀರು ಎಷ್ಟು ತಣ್ಣಗಿತ್ತೆಂದರೆ ಐದು ನಿಮಿಷಕ್ಕೊಮ್ಮೆ ಕೈ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಬೇಕಿತ್ತು. ಬಂಡೆಗಳ ಮೇಲೆ ಹರಡಿದ್ದು ಒಂದೇ ಮಧ್ಯಾಹ್ನದಲ್ಲಿ ಗರಿಗರಿಯಾಯಿತು. ಈ ಸೀಮೆಯ ಗಾಳಿ ಮಾಡುವ ಒಂದೇ ಉಪಕಾರ ಅದು. ನುಸಿ ಹಿಡಿಯದಂತೆ ಗುಡ್ಡದ ಘಾಟು ಗಿಡ ಬುರ್ತ್ಸೆಯ ಎಲೆಯನ್ನು ತಿಕ್ಕಿ ಬೆರೆಸಿದರು. ಅಕ್ಟೋಬರ್ ನಾಲ್ಕರ ಮಂಗಳವಾರ, ಲಾಮಾನ ಒಪ್ಪಿಗೆ ಪಡೆದು, ಹತ್ತು ಜನ ಸೇರಿ ಕೆಳಗಿನ ಭಾಗಕ್ಕೆ ಉಣ್ಣೆ ತುಂಬಿ ಅದೇ ದಿನ ಮಣ್ಣನ್ನೂ ಮೆತ್ತಿದರು. ಕತ್ತಲಾಗುವ ಮುಂಚೆ ಕೊನೆಯ ಮೂಲೆ ಮುಗಿಯಿತು. ಕತ್ತೆಗಳು ಸಂಜೆ ಬಂದು ಮೂಸಿ ನೋಡಿ ಮುಂದೆ ಹೋದವು. ಹದಿನಾಲ್ಕನೆಯ ತಾರೀಕಿಗೆ ಗೋಡೆ ಬೆರಳಿನಿಂದ ತಟ್ಟಿದರೆ ಟಣ್ ಎನ್ನುವಷ್ಟು ಒಣಗಿತ್ತು.

ನವೆಂಬರ್ ಆರರಂದು ಲೇಹ್‌ನಲ್ಲಿ ಹೆಣ್ಣು ಮಗು ಹುಟ್ಟಿತು. ಎರಡು ಕಿಲೋ ಎಂಟುನೂರು ಗ್ರಾಂ. ಪಾಲ್ಡನ್ ಹೋಗಿ ನೋಡಿ ಬಂದ. ಮಗು ಅವನ ಕಿರುಬೆರಳನ್ನು ಹಿಡಿದುಕೊಂಡು ಬಿಡಲಿಲ್ಲ ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ, ಅವರಾಚೆ ಕೂತವರಿಗೂ ಹೇಳಿದ. ಹೊಸ ವರ್ಷದ ಲೋಸರ್ ಹಬ್ಬ ಡಿಸೆಂಬರ್ ಕೊನೆಗೆ. ಅಷ್ಟರೊಳಗೆ ಮಗು ಈ ಮನೆಯಲ್ಲಿರಬೇಕು. ಅವನಿಗೆ ಬೇರೇನೂ ಬೇಕಿರಲಿಲ್ಲ.

ಡಿಸೆಂಬರ್ ಒಂದರ ಬೆಳಿಗ್ಗೆ ಆರಕ್ಕೆ ಅಚೆ ರಿಂಚನ್ ಬಂದಳು. ಕೋಣೆಯನ್ನು ರಾತ್ರಿ ಒಂಬತ್ತಕ್ಕೆ ಒಲೆಗೆ ಕೊನೆಯ ಸೌದೆ ಹಾಕಿ ಮುಚ್ಚಿದ್ದರು. ಪಾಲ್ಡನ್ ತನ್ನ ಉಷ್ಣಮಾಪಕ ಚಾಚಿದ.

"ಅದು ಬೇಡ, ಮೆಮೆ. ತಾತಂದಿರ ಥರ್ಮಾಮೀಟರ್ ಯಾವಾಗಲೂ ಸ್ವಲ್ಪ ಜಾಸ್ತಿ ತೋರಿಸುತ್ತೆ."

ತನ್ನದನ್ನು ಮಗು ಮಲಗುವ ಎತ್ತರಕ್ಕೆ ಹಿಡಿದು ಹತ್ತು ನಿಮಿಷ ಕಾದಳು. ಆಮೇಲೆ ಅದನ್ನು ಅವನ ಕೈಗೆ ಕೊಟ್ಟಳು. ಪಾಲ್ಡನ್ ಹಳೆಯ ಅಭ್ಯಾಸದಂತೆ ಮುಖ ಪಕ್ಕಕ್ಕೆ ತಿರುಗಿಸಿ, ಉಸಿರು ಹಿಡಿದು ಓದಿದ. ಹದಿನೈದು ಪಾಯಿಂಟ್ ನಾಲ್ಕು.

ಹೊರಗೆ ಹಿಮಬಿಂದುವಿಗಿಂತ ಹದಿಮೂರು ಡಿಗ್ರಿ ಕೆಳಗಿತ್ತು. ಹಿಂದಿನ ವರ್ಷ ಇದೇ ಕೋಣೆಯಲ್ಲಿ ಲೋಟದ ನೀರು ಹೆಪ್ಪುಗಟ್ಟುತ್ತಿತ್ತು. ರಿಂಚನ್ ಪೆನ್ನು ತೆಗೆದು, ಅವನ ಮುಖ ನೋಡಿ, ಮೆತ್ತಗೆ ಕೇಳಿದಳು: "ಹದಿನಾರು ಅಂತ ಬರೆದುಬಿಡ್ಲಾ?"

ಹೂಂ ಎನ್ನಲು ಅವನ ಬಾಯಿ ತೆರೆಯಿತು. ಇಪ್ಪತ್ತಾರು ವರ್ಷದಲ್ಲಿ ಅವನು ಪಾಯಿಂಟ್ ಒಂದನ್ನೂ ಅತ್ತಿತ್ತ ಮಾಡಿದವನಲ್ಲ. ಈ ಆರು ಪಾಯಿಂಟಿನಲ್ಲಿ ಒಂದು ಮಗು ಮಲಗಬೇಕಿತ್ತು.

"ಬೇಡಮ್ಮ. ಇರೋದನ್ನ ಬರಿ," ಎಂದ.

ಬಾಗಿಲಲ್ಲಿ ನಿಂತಿದ್ದ ಲಾಜೆಸ್ ಇಬ್ಬರನ್ನೂ ನೋಡಿದಳು. "ಓದಿದವರ ಬುದ್ಧಿ ನೋಡು," ಎಂದಳು. "ಕೂಸನ್ನ ಈ ಕೋಣೇಲಿ ಆಲೂಗಡ್ಡೆ ಥರ ಒಂಟಿಯಾಗಿ ಇಟ್ಟು ಬಾಗಿಲು ಹಾಕ್ತೀವಾ? ಅದರ ತಾಯಿ ಮಲಗಲ್ವಾ? ಅಪ್ಪ ಮಲಗಲ್ವಾ? ಖಾಲಿ ಕೋಣೆ ಅಳೆದು ಏನು ಬಂತು?"

ಪಾಲ್ಡನ್ ಹೆಂಡತಿಯ ಕಡೆ ತಿರುಗಿದ. ಮಲಗಿದ ಮನುಷ್ಯನ ಮೈ ಒಂದು ಹಳೆಯ ಬಲ್ಬಿನಷ್ಟು ಶಾಖ ಬಿಡುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದ. ಆ ಲೆಕ್ಕ ಅವನಿಗೆ ಹೊಳೆದೇ ಇರಲಿಲ್ಲ.

"ಅದು ನ್ಯಾಯ," ಎಂದಳು ರಿಂಚನ್. "ಇಬ್ಬರು ಮಲಗಿ. ಅಷ್ಟೇ ಸೌದೆ, ಅದೇ ಹೊತ್ತು. ನಾಳೆ ಬರ್ತೀನಿ."

"ಯಾರು ಮಲಗೋದು?" ಎಂದ ಪಾಲ್ಡನ್.

"ನೀವಿಬ್ರೇ. ಮತ್ತೆ ಗುರ್ಮೆತ್‌ನ ಕರೀತೀರಾ?"

ಆ ರಾತ್ರಿ ಮುದುಕ ಮುದುಕಿ ಬಾಣಂತಿಯ ಹಾಸಿಗೆಯಲ್ಲಿ ಮಲಗಿದರು. ಅಡುಗೆಮನೆಯ ಹೊಗೆಯಿಲ್ಲದೆ, ಟೋಪಿಯಿಲ್ಲದೆ, ಒಂದೇ ಕಂಬಳಿಯಲ್ಲಿ ಚಳಿಗಾಲದ ನಿದ್ದೆ ಮಾಡಿದ್ದು ಇಬ್ಬರಿಗೂ ಅದೇ ಮೊದಲು. ಉಷ್ಣಮಾಪಕ ನೋಡಲು ನಡುವೆ ಏಳಬೇಕೆಂದು ಪಾಲ್ಡನ್ ಅಂದುಕೊಂಡೇ ಮಲಗಿದ್ದ, ಏಳಲಿಲ್ಲ. ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಿಗೆ ಎಚ್ಚರವಾದಾಗ ಅವನ ಒಂದು ಕಾಲು ಕಂಬಳಿಯ ಹೊರಗಿತ್ತು.

ರಿಂಚನ್ ಒಳಗೆ ಬಂದು, ಹತ್ತು ನಿಮಿಷ ಕಾದು, ಓದಿ, ತನ್ನ ಪುಸ್ತಕದಲ್ಲಿ ಬರೆದಳು: ಡಿಸೆಂಬರ್ ಎರಡು, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ, 17.1 ಡಿಗ್ರಿ.