ಸಂದು ಕಾಣದ ನೆಲ

ಬಚ್ಚಲಿಗೆ ಇನ್ನು ಮೂರೇ ಹೆಜ್ಜೆ ಇರುವಾಗ ಟೈಲ್ಸ್ ಮೇಸ್ತ್ರಿಯ ಕಾಲು ಮತ್ತೆ ನಿಂತುಬಿಟ್ಟಿತು. ಮೈ ಮುಂದಕ್ಕೆ ವಾಲಿತು, ಪಾದ ಮಾತ್ರ ಸಿಮೆಂಟಿನಲ್ಲಿ ಹೂತ ಹಾಗೆ ಅಲ್ಲೇ ಇತ್ತು. ಹೆಂಡತಿ ಓಡಿ ಬಂದು ತೋಳು ಹಿಡಿದಳು.

"ಕಾಲು ಎತ್ತೀಂದ್ರೆ."

"ಎತ್ತು ಅಂತ ನಾನೂ ಹೇಳ್ತಾನೇ ಇದೀನಿ. ಅದು ಕೇಳ್ಬೇಕಲ್ಲ!"

ಪಾರ್ಕಿನ್ಸನ್ ಎಂದು ಡಾಕ್ಟರು ಹೇಳಿ ಮೂರು ವರ್ಷವಾಗಿತ್ತು. ಮೆಟ್ಟಿಲನ್ನು ಸಲೀಸಾಗಿ ಹತ್ತುವವನು ಸಪಾಟು ನೆಲದಲ್ಲಿ ಕಂಬವಾಗುತ್ತಿದ್ದ. ನೋಡಿದವರು ನಾಟಕ ಎನ್ನುತ್ತಿದ್ದರು. ಸುಸ್ತಾದ ದಿನ ಅವಳಿಗೂ ಹಾಗೇ ಅನಿಸಿದ್ದುಂಟು. ವ್ಯಾಯಾಮ ಹೇಳಿಕೊಡುವ ಹುಡುಗಿ ಬಿಡಿಸಿ ಹೇಳಿದ್ದಳು: "ಕಾಲಲ್ಲಿ ಶಕ್ತಿ ಇದೆ ಆಂಟಿ. ಹೊರಡು ಅನ್ನೋ ಅಪ್ಪಣೆ ಮಿದುಳಿಂದ ಸರಿಯಾಗಿ ಬರ್ತಿಲ್ಲ. ದಾಟೋಕೆ ಒಂದು ಗೆರೆ ಕಂಡ್ರೆ ಕಾಲು ಏಳುತ್ತೆ. ನೆಲಕ್ಕೆ ಟೇಪ್ ಅಂಟಿಸಿ ನೋಡಿ."

ಗೆರೆ! ಆ ಮನೆಯಲ್ಲಿ ಅದೊಂದೇ ಇರಲಿಲ್ಲ. ಎರಡು ಟೈಲ್ಸ್ ನಡುವೆ ಸಂದು ಕಂಡರೆ ಮೇಸ್ತ್ರಿಗೆ ಊಟ ಸೇರುತ್ತಿರಲಿಲ್ಲ. ಸ್ವಂತ ಮನೆಯ ನೆಲವಂತೂ ಒಂದೇ ಹಾಳೆ ಹಾಸಿದಂತಿತ್ತು. "ನಾನು ಸತ್ತ ಮೇಲೆ ಅಂಟಿಸ್ಕೋ" ಎಂದು ಒಂದು ತಿಂಗಳಿಂದ ಹಟ ಹಿಡಿದಿದ್ದ.

ನಾಳೆ ಅವಳ ರಜೆ ಮುಗಿಯುತ್ತಿತ್ತು. ಅವನು ಒಬ್ಬನೇ ಬಚ್ಚಲಿಗೆ ಹೋಗಲಾರನೆಂದರೆ ಅವಳು ಗಾರ್ಮೆಂಟ್ಸ್ ಕೆಲಸ ಬಿಡಬೇಕು, ಅಷ್ಟೆ. ವಾದ ಮಾಡುವ ತ್ರಾಣ ಉಳಿದಿರಲಿಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲದ ಮೇಲೆ ಕುಕ್ಕರಿಸಿ, ಕಪ್ಪು ಟೇಪ್ ಹರಿದು ಹರಿದು ಅಂಟಿಸತೊಡಗಿದಳು.

"ಏಯ್, ಏನೇ ಮಾಡ್ತಿದೀಯ!"

ಅವಳು ಇನ್ನೊಂದು ತುಂಡು ಹರಿದು ಅಂಟಿಸಿದಳು. ಅವನು ಮುಖ ತಿರುಗಿಸಿದ. ಆದರೆ ಎಷ್ಟು ಹೊತ್ತು?

"ಸೊಟ್ಟ. ಥೂ, ಎರಡನೇದೂ ಸೊಟ್ಟ. ಕೀಳು ಅದನ್ನ."

"ನಂಗೆ ಬರೋದೇ ಇಷ್ಟು."

"ನೂಲು ತಗೊಂಬಾ. ಆ ಗೋಡೆಯಿಂದ ಅಳತೆ ಹಿಡಿ."

ನೂಲಿನ ಒಂದು ತುದಿ ಅವನೇ ಹಿಡಿದ. ಬಿಗಿಯಾಗಿ ಎಳೆದಾಗ ಕೈಯ ನಡುಕವೂ ಕೊಂಚ ತಗ್ಗಿತು. ಒಂದು ಗಂಟೆ ಬೈಸಿಕೊಂಡು ಅವಳು ಐದು ಪಟ್ಟಿ ಅಂಟಿಸಿದಳು. ತನ್ನ ನೆಲವನ್ನು ತಾನೇ ಹಾಳುಮಾಡಿಸಿದ ಸಂಕಟಕ್ಕೆ ಅವನ ಕಣ್ಣು ತುಂಬಿತು.

ಎದ್ದು ನಿಂತ. ಮೊದಲ ಪಟ್ಟಿಯನ್ನು ದಿಟ್ಟಿಸಿದ. ಪಾದ ಎದ್ದಿತು, ದಾಟಿತು. ಇನ್ನೊಂದು, ಮತ್ತೊಂದು. ಅವಳು ತೋಳು ಹಿಡಿಯಲು ಕೈ ಚಾಚಿಕೊಂಡೇ ಹಿಂದೆ ನಡೆದಳು.

"ನೀನ್ಯಾಕೆ ಒಳಗೆ?" ಎಂದು ಗದರಿ ಬಾಗಿಲು ಎಳೆದುಕೊಂಡ.

"ಚಿಲಕ ಹಾಕ್ಬೇಡೀಂದ್ರೆ!"

ಒಳಗೆ ಚಿಲಕ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ನಲ್ಲಿ ನೀರು ಸುರಿಯತೊಡಗಿತು. ಅವಳು ಚಾಚಿದ್ದ ಕೈಯನ್ನು ಮೆಲ್ಲನೆ ಇಳಿಸಿದಳು.