ಡೌವೆಯ ಕಲ್ಲು

"ಮಾಸ್ಕ್ ಬೇಕಂತೆ, ಮಾಸ್ಕು! ಊರಲ್ಲಿ ಲಂಗೋಟಿ ಕಟ್ಕೊಂಡು ಕಲ್ಲು ಒಡೀತಿದ್ದ ನನ್ಮಕ್ಳಿಗೆ ಇಲ್ಲಿ ಮಾಸ್ಕ್ ಬೇಕಾ?"

ಪದ್ಮನಾಭ ಕೈಯಲ್ಲಿದ್ದ ಕಾಗದವನ್ನು ಬಸವ್ವನ ಮೂಗಿನ ಮುಂದೆ ಆಡಿಸಿದ. "ದೂಳು ಜಾಸ್ತಿ ಅಂತ ಲೇಬರ್ ಆಫೀಸಿಗೆ ಯಾರೋ ಕಾಲ್ ಮಾಡಿದೀರ. ನಾಳೆ ಇನ್‌ಸ್ಪೆಕ್ಟರ್ ಬರ್ತಾನಂತೆ. ಯಾವ ಬೋಳಿಮಗ ಅಂತ ಈಗ್ಲೇ ಹೇಳ್ಬೇಕು."

ಆರು ಜನ ಸಾಲಾಗಿ ನಿಂತಿದ್ದರು. ಕಮ್ಮಿಂಗ್ ಎಂಬ ಊರು ದಾಟಿ ಹದಿನೈದು ಮೈಲಿ ಆಚೆ ಇದ್ದ ಆ ತಗಡಿನ ಶೆಡ್ಡಿನಲ್ಲಿ ಇಳಕಲ್ಲಿನ ಕೆಂಪು ಕಲ್ಲು ಅಮೆರಿಕದವರ ಗೋರಿಕಲ್ಲಾಗುತ್ತಿತ್ತು. ಕಲ್ಲಿನ ಜೊತೆಗೆ ಕಲ್ಲೊಡೆಯುವವರನ್ನೂ ಪದ್ಮನಾಭ ತರಿಸಿಕೊಂಡಿದ್ದ. ಕಲ್ಲುಗಳನ್ನು ಅಂಗಳದಲ್ಲಿ ಇಳಿಸಿ, ಇವರ ಪಾಸ್‌ಪೋರ್ಟುಗಳನ್ನು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಕನ್ನಡ ಕೂಟದ ಸಭೆಯಲ್ಲಿ ಶಾಲು ಹೊದಿಸಿಕೊಂಡು ಕಾಯಕದ ಮಹಿಮೆ ಹೇಳುತ್ತಿದ್ದ ಮಹಾಶಯನೂ ಇವನೇ.

ಫೋನ್ ಮಾಡಿಸಿದವಳು ಬಸವ್ವ. ಅದು ಗೊತ್ತಿದ್ದದ್ದು ಅವಳ ಅಣ್ಣ ಶಿವಶರಣಪ್ಪನಿಗೆ ಮಾತ್ರ.

ಎರಡು ವಾರದ ಹಿಂದೆ ತ್ರೂಸ್ ಎಂಬ ಮುದುಕಿ ತನ್ನ ಅಪ್ಪನ ಹೆಸರಿನ ಕಲ್ಲು ನೋಡಲು ಬಂದಿದ್ದಳು. ಕೆತ್ತುವವರಿಗೆ ಮಾತು ತಿಳಿಯಲೆಂದು ಆಫೀಸಿನ ಮಧುರಾ ಕನ್ನಡದಲ್ಲಿ ಹೇಳಿದ್ದಳು.

"ಇವರ ಫಾದರ್ ಡೌವೆ ಅಂತ. ಹಾಲೆಂಡಲ್ಲಿ ಸ್ಕೂಲ್ ಟೀಚರ್ ಆಗಿದ್ರಂತೆ. ಜರ್ಮನ್ನರು ಊರು ಹಿಡ್ಕೊಂಡಿದ್ದಾಗ ಅವರ ವಿರುದ್ಧ ಸೀಕ್ರೆಟ್ಟಾಗಿ ಕೆಲ್ಸ ಮಾಡಿ ಜೈಲಿಗೆ ಹೋದ್ರು. ಆಮೇಲೆ ಹೊರಗಡೆ ಇವರ ಗುಂಪಿನೋನೊಬ್ಬ ಜರ್ಮನ್ ಆಫೀಸರ್‌ನ ಶೂಟ್ ಮಾಡಿದ. ಅದರ ಸೇಡಿಗೆ ಜೈಲಲ್ಲಿದ್ದ ಇವರನ್ನ ರೋಡಿಗೆ ಎಳ್ಕೊಂಡು ಬಂದು, ಊರವರನ್ನೆಲ್ಲ ನಿಲ್ಸಿ, ಅವರ ಕಣ್ಣೆದುರೇ ಗುಂಡು ಹೊಡೆದ್ರಂತೆ. ಆಗ ಈ ಆಂಟಿಗೆ ಐದು ವರ್ಷ."

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ," ಎಂದಿದ್ದಳು ಬಸವ್ವ. "ಹೊಡದಾಂವ ಮುಂದ ಬರ್ಲಿಲ್ಲೇನ್ರಿ? ಹೇಡಿ ಭಾಡ್ಯಾ!"

ಮಧುರಾ ಮುದುಕಿಯನ್ನು ಕೇಳಿ ಹೇಳಿದಳು. "ಅವನ ಮನೇಲಿ ಹನ್ನೊಂದು ಜನ ಅಡಗಿದ್ರಂತೆ. ಅವನು ಸಿಕ್ಕಿದ್ರೆ ಅಷ್ಟೂ ಜನ ಹೋಗ್ತಿದ್ರು. ಹೆಸರು ಹೇಳು ಬಿಡ್ತೀವಿ ಅಂತ ಇವರ ಫಾದರ್‌ಗೆ ಜರ್ಮನ್ನರು ಹೇಳಿದ್ರಂತೆ. ಕಲ್ಲಿನ ಮೇಲೆ ಹೆಸರಿನ ಕೆಳಗೆ ಇಷ್ಟೇ ಕೆತ್ತಬೇಕಂತೆ: ಗೊತ್ತಿತ್ತು, ಹೇಳಲಿಲ್ಲ."

ಶಿವಶರಣಪ್ಪ ತಲೆಯಾಡಿಸಲು ಹೋಗಿ ಕೆಮ್ಮಿದ. ಬಾಯಿಗೆ ಒತ್ತಿದ ಬಟ್ಟೆ ಕೆಂಪಾಯಿತು. ಮಧುರಾ ಒಳಗೆ ಹೋದ ಮೇಲೆ ಬಸವ್ವ ಮುದುಕಿಯನ್ನು ಅವಳ ಕಾರಿನ ಹಿಂದಕ್ಕೆ ಕರೆದೊಯ್ದು ಆ ಬಟ್ಟೆ ತೋರಿಸಿದಳು, ತೆರೆದ ಬಾಗಿಲಿನಿಂದ ಶೆಡ್ಡಿನ ತೊಲೆಗಳ ಮೇಲೆ ಬೆರಳು ದಪ್ಪ ಕೂತ ದೂಳು ತೋರಿಸಿದಳು, ಕೈ ಮುಗಿದು "ಫೋನ್" ಎಂದಳು. ಅವಳ ಮಾತು ಇವಳಿಗೆ ತಿಳಿಯದು, ಇವಳ ಮಾತು ಅವಳಿಗೆ ತಿಳಿಯದು. ರಕ್ತಕ್ಕೆ ದುಭಾಷಿ ಬೇಕಾಗಲಿಲ್ಲ.

"ಹೇಳಲ್ವಾ? ಸರಿ." ಪದ್ಮನಾಭ ಗೋಡೆಯ ಬಳಿ ಹೋಗಿ ನಲ್ಲಿ ತಿರುಗಿಸಿದ. ಕೊಯ್ಯುವ ಕಲ್ಲಿಗೆ ಬೀಳುತ್ತಿದ್ದ ನೀರು ನಿಂತಿತು. ನೀರಿದ್ದರೆ ದೂಳು ಕೆಸರಾಗಿ ನೆಲಕ್ಕಿಳಿಯುತ್ತದೆ, ಇಲ್ಲದಿದ್ದರೆ ಎದೆಗಿಳಿಯುತ್ತದೆ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಶಿವಶರಣಪ್ಪ, ಬಾ ಇಲ್ಲಿ. ಆ ಮುದುಕಿ ಕಲ್ಲಿನ ಅಂಚು ಕೊಯ್ಯಿ. ಮುಖಕ್ಕೆ ಬಟ್ಟೆ ಕಟ್ಟಂಗಿಲ್ಲ. ಇವರಲ್ಲಿ ಯಾರಾದ್ರೂ ಬಾಯಿ ಬಿಡೋವರೆಗೂ ನಿಲ್ಲಿಸಂಗಿಲ್ಲ. ನಿಲ್ಲಿಸಿದ್ರೆ ಇವತ್ತೇ ಆರೂ ಜನಾನ ಫ್ಲೈಟ್ ಹತ್ತಿಸ್ತೀನಿ. ನಾಳೆ ಶೆಡ್ ಖಾಲಿ. ಇನ್‌ಸ್ಪೆಕ್ಟರ್‌ಗೆ ನಾನೊಬ್ನೇ ಕೂತು ಕಾಫಿ ಕೊಡ್ತೀನಿ."

"ಅಂವಗ ಎದಿ ಹರದೈತ್ರೀ ಸಾಹೇಬ್ರ," ಎಂದಳು ಬಸವ್ವ.

"ಅದಕ್ಕೇ ಅವನನ್ನ ಆರಿಸಿದ್ದು."

ಗ್ರೈಂಡರ್ ಕಿರುಚಿತು. ಕೆಂಪು ದೂಳೆದ್ದು ಶಿವಶರಣಪ್ಪನ ಮುಖ ಕಾಣದಾಯಿತು. ಬಸವ್ವ ಒಂದು ಹೆಜ್ಜೆ ಮುಂದಿಟ್ಟಳು. ಆಗ ದೂಳಿನೊಳಗಿಂದ ಅವನ ಎಡಗೈ ಮೇಲೆದ್ದಿತು, ಅಂಗೈ ಅವಳ ಕಡೆಗೆ.

ಇಳಕಲ್ಲಿನ ಖಣಿಯಲ್ಲಿ ಕಲ್ಲು ಸಿಡಿಸುವ ಮದ್ದಿಗೆ ಬತ್ತಿ ಹಚ್ಚಿದವನು ಅಂಗೈ ಎತ್ತಿದರೆ, ಅವನು ಇಳಿಸುವ ತನಕ ಯಾರೂ ಹೆಜ್ಜೆ ಕೀಳುವಂತಿಲ್ಲ. ಆ ನೇಮ ಮುರಿದು ಓಡಿದವನನ್ನು ಹಿಡಿಯಲು ಹೋಗಿಯೇ ಅವರಪ್ಪ ಸತ್ತಿದ್ದ. ಬಸವ್ವನ ಕಾಲು ಅಲ್ಲೇ ನಿಂತಿತು.

ಪದ್ಮನಾಭ ಕುರ್ಚಿ ಹಾಕಿಸಿಕೊಂಡ. ಕಾಫಿ ಕುಡಿದ. "ನಿಮ್ಮಣ್ಣ ಅಲ್ವೇನೇ ಬಸವ್ವ? ಒಂದು ಹೆಸರು ಹೇಳಿದ್ರೆ ನೀರು ಬಿಡ್ತೀನಿ. ಕಲ್ಲು ಒಡೀತಾ ಒಡೀತಾ ನಿಂಗೂ ಕರುಳು ಕಲ್ಲಾಯ್ತಾ?"

ಹೇಳಿಬಿಡಲೇ? ಹೇಳಿದರೆ ಸಂಜೆಯೊಳಗೆ ಅವಳು ವಿಮಾನದಲ್ಲಿರುತ್ತಾಳೆ. ನಾಳೆ ಬರುವವನ ಮುಂದೆ ಬಾಯಿ ತೆರೆಯುವ ಧೈರ್ಯ ಉಳಿದ ನಾಲ್ವರಿಗಿಲ್ಲ, ಅಣ್ಣನಿಗೆ ಮಾತಾಡುವಷ್ಟು ಉಸಿರಿಲ್ಲ. ಹೇಳದಿದ್ದರೆ ಕಣ್ಣೆದುರಿಗೇ ಅವನು ಹೋಗುತ್ತಾನೆ. ಈ ಕಲ್ಲಿನ ಡೌವೆಯ ಹೆಂಡತಿ ಮಕ್ಕಳೂ ಹೀಗೇ ನಿಂತು ನೋಡಿದರೇನೋ. ಹಾಳಾದ ಕಲ್ಲು, ಹಾಳಾದ ಹೊಟ್ಟೆಪಾಡು! ಅವಳು ತುಟಿ ಕಚ್ಚಿದಳು, ಬಾಯಿಯಲ್ಲಿ ರಕ್ತ ಉಪ್ಪಾಯಿತು. ಪ್ರತಿ ಸಲ ಅವಳು ಕದಲಿದಾಗಲೂ ಅಣ್ಣನ ಅಂಗೈ ಮತ್ತೆ ಮೇಲೇಳುತ್ತಿತ್ತು.

ಮೂರು ಅಂಚು ಮುಗಿದವು. ನಾಲ್ಕನೆಯದರ ನಡುವೆ ಗ್ರೈಂಡರ್ ನೆಲಕ್ಕೆ ಬಿದ್ದು ತಾನೇ ತಾನಾಗಿ ಸುತ್ತಿತು. ಶಿವಶರಣಪ್ಪ ಕಲ್ಲಿನ ಮೇಲೆ ಬೋರಲಾದ. ಬಾಯಿಂದ ಒಂದೇ ಸಮನೆ ರಕ್ತ ಬಂದು ಕೆತ್ತಿದ ಅಕ್ಷರಗಳ ಕುಳಿಗಳಲ್ಲಿ ತುಂಬಿತು.

ಬಸವ್ವ ಅವನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಎರಡನೇ ಸಲ ನೋಡಿದಳು. "ಹ್ವಾದೇನೋ ಯಣ್ಣಾ," ಎಂದಳು.

ಪದ್ಮನಾಭ ಎದ್ದು ನಿಂತ. ಕಾಫಿ ಲೋಟ ಉರುಳಿತು. "ಯಾರೂ ಫೋನ್ ಮುಟ್ಬೇಡಿ. ಹಾರ್ಟ್ ಅಟ್ಯಾಕ್, ಗೊತ್ತಾಯ್ತಾ? ಮೊದ್ಲು ಈ ದೂಳು, ರಕ್ತ ಎಲ್ಲ ತೊಳೀರಿ, ಆಮೇಲೆ 911ಗೆ ಕಾಲ್, ಆಂಬುಲೆನ್ಸ್. ನೀರು ಬಿಡ್ರೋ! ಮಧುರಾ, ನಿನ್ನ ವೀಸಾನೂ ನನ್ನ ಕೈಲೇ ಇದೆ, ನೆನಪಿರ್ಲಿ."

ಬಾಗಿಲಲ್ಲಿದ್ದ ಮಧುರಾ ಹಿಂದಡಿಯಿಡುತ್ತ ಅಂಗಳಕ್ಕಿಳಿದಳು. ಅವಳು ಫೋನಿನಲ್ಲಿ ಯಾರಿಗೋ ಶೆಡ್ಡಿನ ವಿಳಾಸ ಹೇಳುವುದು ಒಳಗೆ ಕೇಳಿಸಿತು.

ಪದ್ಮನಾಭನೇ ಓಡಿಹೋಗಿ ನಲ್ಲಿ ತಿರುಗಿಸಿ ಪೈಪು ಎಳೆದು ತಂದ. "ಹಿಡ್ಕೊಳ್ರೋ, ಬೇಗ ತೊಳೀರೋ! ಬಸವ್ವ, ಏಳೇ ಮೇಲೆ! ಕಾಲ್ ಮಾಡಿದ್ದು ನೀನೇ ಅಲ್ವೇನೇ, ಬೋಸುಡಿ?"

ಬಸವ್ವ ಎದ್ದಳು. ಕೆಂಪು ಮೆತ್ತಿದ ಅಂಗೈಯನ್ನು ನಾಲ್ವರ ಕಡೆಗೆ ಎತ್ತಿ ಹಿಡಿದಳು.

ಪೈಪಿಗೆ ಕೈ ಚಾಚಿದ್ದವನು ಕೈ ಹಿಂದಕ್ಕೆಳೆದುಕೊಂಡ. ಅವರಲ್ಲಿ ಯಾರೂ ಹೆಜ್ಜೆ ಕೀಳಲಿಲ್ಲ. ನಿಂತಲ್ಲೇ ಹೆಣಕ್ಕೂ ಪದ್ಮನಾಭನಿಗೂ ನಡುವೆ ಗೋಡೆಯಾದರು.

"ಸರೀರೋ ಆಚೆ, ಸೂಳೆಮಕ್ಳಾ!" ಎಂದು ಅವನು ಅರಚಿದ. ಪೈಪಿನ ನೀರು ಅವನ ಬೂಟಿನ ಮೇಲೆಯೇ ಸುರಿಯುತ್ತಿತ್ತು. ದೂರದಲ್ಲೆಲ್ಲೋ ಸೈರನ್ ಎದ್ದಿತು. ಬಸವ್ವ ಕೈ ಇಳಿಸಲಿಲ್ಲ.