ಶಾಲೆಯ ಪಡಸಾಲೆಗೆ ಬಂದ ತೊಟ್ಟಿಲು

ನಾನು ಬೇವಿನ ಕಟ್ಟಿಗೆಯ ತೊಟ್ಟಿಲು. ನನ್ನನ್ನು ಮಾಡಿಸಿದವರು ಶಂಕ್ರಮ್ಮನ ತವರಿನವರು. ಚೊಚ್ಚಲ ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟಾಗ ನನ್ನನ್ನೂ ಚಕ್ಕಡಿಗೆ ಏರಿಸಿದರು. ಬಡಿಗೇರ ನನ್ನ ನಾಲ್ಕು ಮೂಲೆಗೂ ಗಿಳಿ ಕೆತ್ತಿದ್ದ. ಒಂದರ ಕೊಕ್ಕು ದಾರಿಯಲ್ಲೇ ಮುರಿಯಿತು. ಹಲ್ಲು ಬರುವ ಕೂಸುಗಳಿಗೆ ಕಚ್ಚಲು ಆ ಮೊಂಡು ಕೊಕ್ಕೇ ಬೇಕಾಗುತ್ತಿತ್ತು.

ಶಂಕ್ರಮ್ಮನ ನಾಲ್ಕೂ ಮಕ್ಕಳು ನನ್ನಲ್ಲಿ ಮಲಗಿ ಬೆಳೆದರು. ಮೊಮ್ಮಕ್ಕಳ ಕಾಲಕ್ಕೆ ಹೊಳೆಯುವ ಕಬ್ಬಿಣದ ತೊಟ್ಟಿಲು ಬಂತು. ನಾನು ಅಟ್ಟ ಸೇರಿದೆ.

ಒಂದು ಸಂಜೆ ಶಂಕ್ರಮ್ಮ ಶಾಲೆಯ ಸಭೆಯಿಂದ ಬಂದವಳೇ ಮಗನನ್ನು ಕರೆದಳು. ಕೆಳಗಿನ ಓಣಿಯ ಯಂಕಮ್ಮನ ಮಗಳು ಹಂಪಮ್ಮ ಐದನೆಯ ತರಗತಿಗೇ ಶಾಲೆ ಬಿಟ್ಟಿದ್ದಳಂತೆ. ತಾಯಿ ಕೂಲಿಗೆ ಹೋದರೆ ಎಳೆಯ ತಮ್ಮ ಈರೇಶನನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

"ಕೂಸು ಬಿಟ್ಟು ಬರಾಕ ಆಗಲಿಲ್ಲಂದ್ರ ಎತ್ತಿಗೊಂಡ ಬರ್ಲಿ. ಅಟ್ಟದ ಮ್ಯಾಲಿನ ತೊಟ್ಟಿಲು ಇಳಸು."

"ಯವ್ವಾ, ಮನಿ ತೊಟ್ಟಿಲು ಹೊರಗ ಕೊಡ್ತಾರೇನು?"

"ಅದರಾಗ ಇಲಿ ಮರಿ ಹಾಕ್ಯಾವ. ಅವೇನು ನನ್ನ ಮೊಮ್ಮಕ್ಕಳೇನು?"

ಹೀಗೆ ನಾನು ಶಾಲೆಯ ಪಡಸಾಲೆಗೆ ಬಂದೆ. ಒಬ್ಬರು ಹಗ್ಗ ತಂದರು, ಇನ್ನೊಬ್ಬರು ಕೌದಿ ಕೊಟ್ಟರು. ಹೊಲಕ್ಕೆ ಹೋಗಲಾರದ ಮುದುಕಿಯರು ಸರದಿಯಂತೆ ನನ್ನ ಬಳಿ ಕುಳಿತು, ಬಿಸಿಯೂಟದ ಅಕ್ಕಿ ಆರಿಸುತ್ತಲೇ ಕಾಲಿನಿಂದ ಹಗ್ಗ ಎಳೆಯುತ್ತಿದ್ದರು. ಹಂಪಮ್ಮ ಬಾಗಿಲ ಪಕ್ಕ ಕೂರುತ್ತಿದ್ದಳು. ಮೊದಮೊದಲು ಅವಳ ಕುತ್ತಿಗೆ ನನ್ನ ಕಡೆಗೇ ಇರುತ್ತಿತ್ತು. ಬರಬರುತ್ತಾ ಕರಿಹಲಗೆಯ ಕಡೆಗೆ ತಿರುಗಿತು.

ಅಷ್ಟರಲ್ಲಿ ನಳದ ಹತ್ತಿರ ಯಾರೋ ಯಂಕಮ್ಮನನ್ನು ಚುಚ್ಚಿದರಂತೆ: "ದೊಡ್ಡ ಮನಿ ತೊಟ್ಟಿಲದಾಗ ನಿನ್ನ ಕೂಸು ಉಚ್ಚಿ ಹೊಯ್ತೈತಲ್ಲ, ನಾಚಿಕಿ ಬರಂಗಿಲ್ಲೇನು?" ಮರುದಿನದಿಂದ ಕೂಸೂ ಬರಲಿಲ್ಲ, ಅಕ್ಕನೂ ಬರಲಿಲ್ಲ. ಹೊಲದ ಬದುವಿನಲ್ಲಿ ತಮ್ಮನನ್ನು ಆಡಿಸುತ್ತ ಹಂಪಮ್ಮ ಕೂತಿರುತ್ತಾಳೆಂದು ಮಕ್ಕಳು ಹೇಳಿದರು. ನಾನು ಗಾಳಿಗೆ ಸುಮ್ಮನೆ ತೂಗಾಡುತ್ತಿದ್ದೆ.

ಒಂದು ಬೆಳಿಗ್ಗೆ ತಾಯಿ ಮಕ್ಕಳು ಹೊಲಕ್ಕೆ ಹೊರಟು ಶಾಲೆಯ ಮುಂದೆ ಹಾದರು. ತಲೆ ತಗ್ಗಿಸಿಕೊಂಡು ಬೇಗ ಬೇಗ ನಡೆದರು. ಅಕ್ಕಿ ಆರಿಸಲು ಬಂದಿದ್ದ ಶಂಕ್ರಮ್ಮ ಪಡಸಾಲೆಯಿಂದಲೇ ಕೂಗಿದಳು.

"ಏ ಯಂಕವ್ವಾ, ನಿಲ್ಲು! ಖಾಲಿ ತೊಟ್ಟಿಲು ತೂಗಿದ್ರ ಮನಿಗೆ ಒಳ್ಳೇದಲ್ಲ, ಗೊತ್ತಿಲ್ಲೇನು? ನಮ್ಮ ಸಣ್ಣ ಸೊಸಿ ಬಸುರಿ ಅದಾಳ. ಏನರ ಹೆಚ್ಚುಕಡಿಮಿ ಆದ್ರ ನಿನ್ನ ಬಿಡಂಗಿಲ್ಲ ನೋಡು."

ಸಣ್ಣ ಸೊಸೆ ಬಸುರಿಯಾಗಿರಲಿಲ್ಲ. ಅದು ನನಗೂ ಗೊತ್ತಿತ್ತು.

ಯಂಕಮ್ಮ ನೆಲ ನೋಡುತ್ತ, "ನಿಮ್ಮ ತೊಟ್ಟಿಲು ಹೊಲಸಾಕ್ಕೈತ್ರಿ ಯವ್ವಾ" ಎಂದಳು.

"ನನ್ನ ಮಕ್ಕಳೇನು ಇದರಾಗ ಪನ್ನೀರು ಹೊಯ್ತಿದ್ವೇನು? ಕೂಸು ಕೊಡು ಇತ್ಲಾಗ. ಹುಡುಗೀನ್ನ ನೀ ಕರಕೊಂಡ ಹೋಗು, ಅಕಿ ನನಗ ಬ್ಯಾಡ."

"ಅಕ್ಕನ್ನ ಬಿಟ್ಟು ಇದು ಒಂದು ಗಳಿಗಿ ಇರಂಗಿಲ್ರಿ."

"ಹಂಗಾರ ಅಕೀನೂ ಇರ್ಲಿ. ಏನ್ ಮಾಡೂದು, ನನ್ನ ಹಣೇಬರ!"

ಯಂಕಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಹಂಪಮ್ಮ ತಮ್ಮನನ್ನು ನನ್ನಲ್ಲಿ ಮಲಗಿಸಿ, ತಾಯಿ ಮತ್ತೆ ಬಾಯಿ ತೆರೆಯುವ ಮೊದಲೇ ತರಗತಿಯೊಳಗೆ ಹೋಗಿ ಕುಳಿತಿದ್ದಳು.

ಅದನ್ನು ಕಂಡು ಉಳಿದ ತಾಯಂದಿರಿಗೂ ಧೈರ್ಯ ಬಂತು. ಕೆಲವು ದಿನ ಎರಡೆರಡು ಕೂಸುಗಳು ತಲೆ ಕಾಲು ಮಾಡಿಕೊಂಡು ನನ್ನಲ್ಲಿ ಮಲಗಿದವು, ಒಂದನ್ನೊಂದು ಒದ್ದವು. ಅವುಗಳ ಅಕ್ಕಂದಿರು ಒಳಗೆ ಮಗ್ಗಿ ಒಪ್ಪಿಸಿದರು.

ಈಗ ಊರಿಗೆ ಅಂಗನವಾಡಿ ಬಂದಿದೆ. ನನ್ನ ಹಗ್ಗ ಬಿಚ್ಚಿ, ಪಡಸಾಲೆಗೆ ಅಂಟಿಕೊಂಡ ಕೋಣೆಯಲ್ಲಿ ಅಕ್ಕಿಯ ಚೀಲಗಳ ಪಕ್ಕ ಇಟ್ಟಿದ್ದಾರೆ. ಮಕ್ಕಳ ಚೆಂಡುಗಳು ನನ್ನಲ್ಲಿವೆ. ಕೂಸುಗಳ ಹಾಗೆ ಅವು ಒದೆಯುವುದಿಲ್ಲ, ಅದೊಂದು ಕೊರತೆ. ಉಳಿದಂತೆ ನಾನು ಸುಖವಾಗಿದ್ದೇನೆ.

ಈ ವರ್ಷ ಈರೇಶ ಒಂದನೆಯ ತರಗತಿಗೆ ಸೇರಿದ. ಮೊದಲ ದಿನ ಹಂಪಮ್ಮ ಅವನನ್ನು ಕರೆತಂದಳು. ಅವಳಿಗೀಗ ಪಕ್ಕದ ಊರಿನ ಹೈಸ್ಕೂಲು. ಅವನು ಅವಳ ಲಂಗ ಹಿಡಿದು ಬಿಡಲಿಲ್ಲ.

"ಯಕ್ಕಾ, ನೀನೂ ಬಾ."

"ನನ್ನ ಸಾಲಿ ನನಗೈತಿ, ನಿನ್ನ ಸಾಲಿ ನಿನಗೈತಿ. ಬಿಡಲೇ, ಬಸ್ ಬರ್ತೈತಿ!"

ಅವಳು ಓಡಿದ ಸಪ್ಪಳ ಕೇಳಿಸಿತು. ಈರೇಶ ಸ್ವಲ್ಪ ಹೊತ್ತು ಅತ್ತ. ಆಮೇಲೆ ಯಾರೂ ತೂಗದೆ, ತಾನಾಗಿಯೇ ಸುಮ್ಮನಾದ.